ಸುತ್ತ ಬಂದು ನೋಡುವ ಚಿತ್ರ

ಸುವರ್ಣ ಮಹೋತ್ಸವ ಸಮಿತಿಯ ಎರಡನೆಯ ಸಭೆಯಲ್ಲಿ ಶಾಮಿಯಾನ, ಊಟ, ಸ್ಮರಣ ಸಂಚಿಕೆ ಇವೆಲ್ಲದರ ಮಾತು ಮುಗಿದು ಚಹಾ, ಗೋಳಿಬಜೆ ಬರುವ ಹೊತ್ತಿಗೆ, ಬೆಂಗಳೂರಿನಿಂದ ಬಂದಿದ್ದ ಹಳೆ ವಿದ್ಯಾರ್ಥಿಯೊಬ್ಬರು ಎದ್ದು ನಿಂತರು. "ನಮ್ಮ ವಿಜ್ಞಾನ ಮಾಷ್ಟ್ರನ್ನು ಹೊಲೊಗ್ರಾಮ್ ಮಾಡಿ ಸಭೆಗೆ ತರುವ. ಮೈದಾನದ ನಡುವೆ ಮಾಷ್ಟ್ರು ನಿಂತ ಹಾಗೆ ಕಾಣಬೇಕು. ಜನ ಸುತ್ತಲೂ ಬಂದು ನೋಡಬೇಕು" ಎಂದರು. ಯಾರೂ ಬೇಡ ಎನ್ನಲಿಲ್ಲ. ತೀರಿಹೋದ ಮಾಷ್ಟ್ರನ್ನು ಇನ್ನೊಮ್ಮೆ ನೋಡುವುದು ಬೇಡ ಎನ್ನುವವರು ಯಾರಿದ್ದಾರೆ? ಖರ್ಚು ಹಂಚಿಕೊಳ್ಳಲು ದುಬೈಯ ಇಬ್ಬರು ಫೋನಿನಲ್ಲೇ ಒಪ್ಪಿದರು. ಆಮೇಲೆ ಎಲ್ಲರ ಕಣ್ಣು ನನ್ನ ಕಡೆ ತಿರುಗಿತು. ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು ನಾನೊಬ್ಬನೇ ಅಲ್ಲಿದ್ದದ್ದು. "ಅದು ಆಗ್ತದಾ ಇಲ್ವಾ, ನೀವೇ ವಿಚಾರಿಸಿ ಹೇಳಿ ಸರ್" ಎಂದು ಅಧ್ಯಕ್ಷರು ನಡಾವಳಿಯಲ್ಲಿ ಬರೆಸಿಯೇಬಿಟ್ಟರು.

ಹಾಗೆ ವಿಚಾರಿಸುತ್ತಾ ಹೋದದ್ದರ ವರದಿ ಇದು. ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಸುತ್ತ ಬಂದು ನೋಡುವ ಚಿತ್ರ ಮಾಡಬೇಕೆಂಬ ಆಸೆಗೆ ಒಂದು ಚರಿತ್ರೆ ಉಂಟು. ಅದರ ಮೊದಲ ಪಾಠವನ್ನು ನನಗೆ ಇದೇ ಶಾಲೆಯ ಮೈದಾನದಲ್ಲಿ ಹೇಳಿಕೊಟ್ಟವರು ಅದೇ ಮಾಷ್ಟ್ರು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ವಾರ್ಷಿಕೋತ್ಸವದ ನಾಟಕದ ಅಭ್ಯಾಸ ಮುಗಿಯುವಾಗ ಕತ್ತಲಾಗುತ್ತಿತ್ತು. ದೂರದ ಮಕ್ಕಳು ತೆಂಗಿನ ಗರಿಯ ಸೂಟೆ ಹೊತ್ತಿಸಿಕೊಂಡು ಗುಂಪಾಗಿ ಮನೆಗೆ ಹೋಗುವುದು. ಸೂಟೆ ಆರದ ಹಾಗೆ ಬೀಸುತ್ತಾ ನಡೆಯಬೇಕು ಎಂಬುದು ನಮಗೆಲ್ಲ ಗೊತ್ತಿದ್ದ ವಿದ್ಯೆ. ಒಂದು ದಿನ ಮಾಷ್ಟ್ರು ನನ್ನ ಕೈಯ ಸೂಟೆ ತೆಗೆದುಕೊಂಡು ಜೋರಾಗಿ ತಿರುಗಿಸಿದರು. ಕತ್ತಲಲ್ಲಿ ಬೆಂಕಿಯ ಚಕ್ರ ನಿಂತಿತು. "ಎಂತ ಕಾಣ್ತದೆ?" "ಚಕ್ರ, ಸಾರ್." "ಇರುವುದೆಂತದ್ದು?" "ಒಂದೇ ಕೊಳ್ಳಿ, ಸಾರ್." ಕಣ್ಣು ಕಂಡದ್ದನ್ನು ಕೂಡಲೇ ಕೈಬಿಡುವುದಿಲ್ಲ, ಒಂದು ಗಳಿಗೆ ಹಿಡಿದಿಟ್ಟುಕೊಳ್ಳುತ್ತದೆ, ಸಿನೆಮಾ ಓಡುವುದೂ ಇದರಿಂದಲೇ ಎಂದರು. ತಿರುಗುವ ಕೊಳ್ಳಿ ನಮ್ಮ ದೇಶದ ತತ್ತ್ವಜ್ಞಾನಿಗಳಿಗೂ ಹಳೆಯ ಪರಿಚಯ. ಗೌಡಪಾದರ ಮಾಂಡೂಕ್ಯ ಕಾರಿಕೆಯ ನಾಲ್ಕನೆಯ ಪ್ರಕರಣಕ್ಕೆ ಅಲಾತಶಾಂತಿ ಎಂದೇ ಹೆಸರು. ಅಲಾತ ಎಂದರೆ ಕೊಳ್ಳಿ. ಆದರೆ ಆ ರಾತ್ರಿ ನಾವು ಗಮನಿಸದೆ ಬಿಟ್ಟ ಸಂಗತಿ ಬೇರೆ. ಚಕ್ರವನ್ನು ನಾನು ಎದುರಿನಿಂದ ನೋಡಿದೆ, ನನ್ನ ತಂಗಿ ಪಕ್ಕದಿಂದ ನೋಡಿದಳು. ಅವಳಿಗೆ ಕಂಡದ್ದು ಚಕ್ರವಲ್ಲ, ಮೇಲಿಂದ ಕೆಳಕ್ಕೆ ಒಂದು ಬೆಂಕಿಯ ಗೆರೆ. ಎದುರಿನವನಿಗೆ ಒಂದು, ಬದಿಯವಳಿಗೆ ಇನ್ನೊಂದು. ನಿಜವಾದ ವಸ್ತು ಹೀಗೆಯೇ ಕಾಣುವುದು.

ಸುತ್ತ ಕೂತು ನೋಡುವುದು ನಮ್ಮ ಪುತ್ತೂರು, ಸುಳ್ಯ, ಕಡಬದವರಿಗೆ ಹೊಸತಲ್ಲ. (ನಾವು ಓದುವಾಗ ಕಡಬ ತಾಲೂಕು ಇರಲಿಲ್ಲ. ಪುತ್ತೂರು, ಸುಳ್ಯ ಎರಡರಿಂದಲೂ ಗ್ರಾಮಗಳನ್ನು ತೆಗೆದು ಆಮೇಲೆ ಮಾಡಿದ್ದು. ಹಾಗಾಗಿ ಈ ಸಂಚಿಕೆಯಲ್ಲಿ ಕೆಲವರು ಒಂದೇ ಊರನ್ನು ಬೇರೆ ಬೇರೆ ತಾಲೂಕಿನಲ್ಲಿ ಬರೆದಿರಬಹುದು, ಎಲ್ಲರೂ ಸರಿಯೇ.) ಬಯಲಾಟದ ರಂಗಸ್ಥಳಕ್ಕೆ ನಾಲ್ಕು ಕಂಬ, ಮೂರು ಕಡೆ ಬಯಲು. ನನ್ನ ಅಜ್ಜ ಯಾವತ್ತೂ ಎದುರಿಗೆ ಕೂರುತ್ತಿರಲಿಲ್ಲ, ಬದಿಗೆ ಚಾಪೆ ಹಾಕುತ್ತಿದ್ದರು. ಅಲ್ಲಿಂದ ವೇಷದ ಹಿಂಬದಿ ಕಾಣುತ್ತದೆ, ಕಿರೀಟ ಕಟ್ಟಿದ ಹಗ್ಗ ಕಾಣುತ್ತದೆ, ಧೀಂಗಿಣ ಹೊಡೆದು ನಿಂತವನ ಬೆನ್ನು ಉಸಿರಿಗೆ ಏರಿಳಿಯುವುದು ಕಾಣುತ್ತದೆ. ಬೆಳಿಗ್ಗೆ ಗದ್ದೆಯ ಹುಣಿಯಲ್ಲಿ ನಡೆದು ಬರುವಾಗ, ಎದುರು ಕೂತ ಮಾವನೂ ಬದಿಗೆ ಕೂತ ಅಜ್ಜನೂ ಬೇರೆ ಬೇರೆ ಆಟ ನೋಡಿದವರ ಹಾಗೆ ವಾದಿಸುತ್ತಿದ್ದರು. ದೈವದ ಕೋಲದಲ್ಲಂತೂ ಸುತ್ತಲೂ ಜನ. ದೇವಸ್ಥಾನದಲ್ಲಿ ಸುತ್ತು ಬರದೆ ಮುಗಿಯುವುದೇ ಇಲ್ಲ.

ಟಾಕೀಸು ಬಂದ ಮೇಲೆ ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂತರು. ಪರದೆಯ ಚಿತ್ರಕ್ಕೆ ಬದಿ ಇಲ್ಲ. ನಾಲ್ಕಾಣೆಯವನಿಗೂ ಬಾಲ್ಕನಿಯವನಿಗೂ ನಾಯಕನ ಅದೇ ಕೆನ್ನೆ. ಪುತ್ತೂರಿನಲ್ಲಿ ಬಾಲವನ ಕಟ್ಟಿದ ಶಿವರಾಮ ಕಾರಂತರು 1930ರ ಸುಮಾರಿಗೆ 'ಡೊಮಿಂಗೊ', 'ಭೂತರಾಜ್ಯ' ಎಂಬ ಎರಡು ಮೂಕಿ ಚಿತ್ರ ಮಾಡಿದ್ದರು. ಆಮೇಲೆ ಸಿನೆಮಾ ಬಿಟ್ಟರು. ಯಕ್ಷಗಾನದ ಹಿಂದೆ ಮಾತ್ರ ದಶಕಗಟ್ಟಲೆ ತಿರುಗಿದರು. ಕಾರಣ ಅವರಿಗೆ ಬೇರೆ ಇದ್ದಿರಬಹುದು, ನನಗೆ ಮಾತ್ರ ಇದು ನೆನಪಾಗುತ್ತದೆ. ಕನ್ನಡದಲ್ಲಿ ಮಕ್ಕಳಿಗೆ 'ಬಾಲ ಪ್ರಪಂಚ', ದೊಡ್ಡವರಿಗೆ 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದವರೂ ಅವರೇ. ನಮ್ಮ ಶಾಲೆಯ ಕಪಾಟಿನಲ್ಲಿ ಅವು ಇದ್ದವು, ಬೀಗದ ಕೈ ವಿಜ್ಞಾನ ಮಾಷ್ಟ್ರ ಹತ್ತಿರ ಇತ್ತು.

ಚಿತ್ರಕ್ಕೆ ಆಳ ಕೊಡುವ ಪ್ರಯತ್ನ ಫೋಟೊಗಿಂತ ಹಳತು. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಒಂದು ಚಿತ್ರ ತೋರಿಸಿದರೆ ಮಿದುಳು ಎರಡನ್ನೂ ಸೇರಿಸಿ ಆಳ ಕಾಣುತ್ತದೆಂದು ತೋರಿಸಿಕೊಟ್ಟ. 1984ರಲ್ಲಿ ಬಂದ ಮಲಯಾಳದ 'ಮೈ ಡಿಯರ್ ಕುಟ್ಟಿಚ್ಚಾತ್ತನ್' ಭಾರತದ ಮೊದಲ ತ್ರೀಡಿ ಸಿನೆಮಾ. ಅದನ್ನು ನೋಡಲು ನಾವು ನಾಲ್ಕು ಜನ ಮಂಗಳೂರಿಗೆ ಬಸ್ಸು ಹತ್ತಿದ್ದೆವು. ಐಸ್‌ಕ್ರೀಮು ಮೂಗಿನ ಹತ್ತಿರ ಬಂದಾಗ ಪಕ್ಕದವನು ಬಾಯಿ ತೆರೆದದ್ದು ನಿಜ. ಆದರೆ ಕನ್ನಡಕ ಹಾಕಿಕೊಂಡು ಎಷ್ಟು ಬಗ್ಗಿದರೂ ಐಸ್‌ಕ್ರೀಮಿನ ಹಿಂಬದಿ ಕಾಣಲಿಲ್ಲ. ಅಲ್ಲಿದ್ದದ್ದು ಎರಡೇ ಚಿತ್ರ.

ಹಿಂಬದಿಯೂ ಕಾಣಬೇಕಾದರೆ ಏನು ಬೇಕು? ಅದಕ್ಕೆ ಉತ್ತರ ಕೊಟ್ಟವರು ಹಂಗೆರಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಡೆನಿಸ್ ಗೇಬರ್. 1947ರ ಈಸ್ಟರ್ ಹಬ್ಬದ ಸಮಯ ರಗ್ಬಿ ಎಂಬ ಊರಿನ ಟೆನಿಸ್ ಅಂಗಳದಲ್ಲಿ ತಮ್ಮ ಸರದಿ ಕಾಯುತ್ತಾ ಕೂತಿದ್ದಾಗ ಹೊಳೆಯಿತಂತೆ. ಅವರಿಗೆ ಬೇಕಿದ್ದದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಚುರುಕು ಮಾಡುವ ಉಪಾಯ. ಮನುಷ್ಯರನ್ನು ವೇದಿಕೆಗೆ ತರುವ ಯೋಚನೆ ಇರಲಿಲ್ಲ. ಉಪಾಯ ಹೀಗೆ: ಫೋಟೊ ಹಿಡಿಯುವುದು ಎಷ್ಟು ಬೆಳಕು ಬಂತು ಎಂಬುದನ್ನು ಮಾತ್ರ. ಆ ಬೆಳಕು ಎಷ್ಟು ದೂರದಿಂದ, ಯಾವ ದಿಕ್ಕಿನಿಂದ ಬಂತೆಂದು ಅದಕ್ಕೆ ಗೊತ್ತಾಗುವುದಿಲ್ಲ. ತೋಟದ ಕೆರೆಗೆ ಎರಡು ಅಡಿಕೆ ಒಟ್ಟಿಗೆ ಬಿದ್ದದ್ದನ್ನು ನೆನಪು ಮಾಡಿಕೊಳ್ಳಿ. ಎರಡು ಕಡೆಯ ತೆರೆಗಳು ಸೇರುವಲ್ಲಿ ಒಂದು ನೇಯ್ಗೆ ಕಾಣುತ್ತದೆ, ಕೆಲವೆಡೆ ನೀರು ಎತ್ತರ, ಕೆಲವೆಡೆ ಸಮ. ಆ ನೇಯ್ಗೆಯನ್ನು ಲೆಕ್ಕ ಹಾಕಿದರೆ ಅಡಿಕೆ ಎಲ್ಲಿ ಬಿತ್ತೆಂದು ಹೇಳಬಹುದು. ಬೆಳಕೂ ತೆರೆ. ವಸ್ತುವಿಗೆ ತಾಗಿ ಬಂದ ಬೆಳಕಿಗೆ, ತಾಗದೆ ನೇರ ಬಂದ ಬೆಳಕನ್ನು ಸೇರಿಸಿ, ಎರಡರ ನೇಯ್ಗೆಯನ್ನು ಫಿಲ್ಮಿನಲ್ಲಿ ಹಿಡಿದುಬಿಟ್ಟರಾಯಿತು. ಮತ್ತೆ ಆ ನೇರ ಬೆಳಕನ್ನೇ ಫಿಲ್ಮಿಗೆ ಹಾಯಿಸಿದರೆ, ವಸ್ತು ಇಲ್ಲದಿದ್ದರೂ ಅದರಿಂದ ಹೊರಟಿದ್ದ ಬೆಳಕು ಹಾಗೆಯೇ ಹೊರಡುತ್ತದೆ. ಸಮಗ್ರ ಎಂಬರ್ಥದ ಗ್ರೀಕ್ ಶಬ್ದದಿಂದ ಗೇಬರ್ ಇದಕ್ಕೆ ಹೊಲೊಗ್ರಾಮ್ ಎಂದು ಹೆಸರಿಟ್ಟರು. 1948ರಲ್ಲಿ ಪ್ರಕಟಿಸಿದರು, 1971ರಲ್ಲಿ ನೊಬೆಲ್ ಬಂತು.

ನಡುವೆ ಇಪ್ಪತ್ತಮೂರು ವರ್ಷ ಯಾಕೆ? ಕೆರೆಯ ತೆರೆ ಅಚ್ಚುಕಟ್ಟಾಗಿದ್ದರೆ ಮಾತ್ರ ನೇಯ್ಗೆ ನಿಲ್ಲುತ್ತದೆ, ಮಳೆ ಹನಿಯುವಾಗ ಏನೂ ಕಾಣುವುದಿಲ್ಲ. ಬಲ್ಬಿನ ಬೆಳಕು ಮಳೆಗಾಲದ ಕೆರೆ. 1960ರಲ್ಲಿ ಲೇಸರ್ ಬಂದ ಮೇಲೆ ಹದವಾದ ತೆರೆ ಸಿಕ್ಕಿತು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಎಮೆಟ್ ಲೀತ್, ಜ್ಯೂರಿಸ್ ಉಪಾಟ್ನಿಕ್ಸ್ ಒಂದು ಆಟಿಕೆ ರೈಲಿನ ಹೊಲೊಗ್ರಾಮ್ ಮಾಡಿದರು. 1964ರಲ್ಲಿ ಅದನ್ನು ತೋರಿಸಿದಾಗ ದೊಡ್ಡ ದೊಡ್ಡ ವಿಜ್ಞಾನಿಗಳು ಹೋಟೆಲಿನ ಕೋಣೆಯ ಹೊರಗೆ ಸಾಲು ನಿಂತು ನೋಡಿದರು. ಅದೇ ಕಾಲಕ್ಕೆ ಸೋವಿಯತ್ ದೇಶದ ಯೂರಿ ಡೆನಿಸ್ಯುಕ್ ಇನ್ನೊಂದು ದಾರಿ ಹಿಡಿದಿದ್ದರು. ಅವರ ಹೊಲೊಗ್ರಾಮ್ ನೋಡಲು ಲೇಸರ್ ಬೇಡ, ಸಾಧಾರಣ ಬೆಳಕು ಸಾಕು. ಫಿಲ್ಮಿನ ಒಳಗೆ ಪದರ ಪದರವಾಗಿ ನೇಯ್ಗೆ ಕೂತಿರುತ್ತದೆ, ಪದರಗಳೇ ತಮಗೆ ಬೇಕಾದ ಬಣ್ಣವನ್ನು ಆರಿಸಿಕೊಳ್ಳುತ್ತವೆ. ನಮ್ಮ ಕಡಲಿನ ಚಿಪ್ಪಿನ ಒಳಮೈ ಹೊಳೆಯುವುದು ಇಂಥದೇ ಪದರಗಳಿಂದ. ಬೆಂಗಳೂರಿನಲ್ಲಿ ಕೂತು ಸಿ. ವಿ. ರಾಮನ್ 1930ರ ದಶಕದಲ್ಲಿ ಆ ಚಿಪ್ಪು, ಹಕ್ಕಿಯ ಗರಿಗಳ ಹೊಳಪನ್ನೇ ಅಭ್ಯಾಸ ಮಾಡಿ ಬರೆದಿದ್ದರು. ಇಂಥ ವಿಷಯಕ್ಕೆ ಪ್ರಯೋಗಶಾಲೆಯೇ ಬೇಕೆಂದಿಲ್ಲ ಎಂದು ನಮ್ಮ ಮಾಷ್ಟ್ರು ಹೇಳುತ್ತಿದ್ದದ್ದು ರಾಮನ್‌ರನ್ನು ಇಟ್ಟುಕೊಂಡೇ.

ಗಾಜಿನ ಹಲಗೆಯ ಹೊಲೊಗ್ರಾಮು ಒಂದು ಕಿಟಕಿಯ ಹಾಗೆ. ಬಗ್ಗಿ ನೋಡಬಹುದು, ಇಣುಕಬಹುದು, ಮುಂದಿನ ಡಬ್ಬಿಯ ಹಿಂದೆ ಅಡಗಿದ್ದು ಕಾಣುತ್ತದೆ. ಆದರೆ ಕಿಟಕಿಯಿಂದ ಮನೆಯ ಹಿತ್ತಿಲು ಕಾಣುವುದಿಲ್ಲ. ಸುತ್ತ ಬರಬೇಕಾದರೆ ಕಿಟಕಿಯನ್ನೇ ಸುರುಳಿ ಸುತ್ತಬೇಕು. ಅದನ್ನು ಮಾಡಿದವರಲ್ಲಿ ನನಗೆ ತುಂಬ ಹಿಡಿಸಿದವರು ಷಿಕಾಗೊ ಬಳಿಯ ಲೇಕ್ ಫಾರೆಸ್ಟ್ ಎಂಬ ಸಣ್ಣ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಟಿ. ಎಚ್. ಜಿಯಾಂಗ್. 1960ರ ದಶಕದ ಉತ್ತರಾರ್ಧದಲ್ಲಿ ಅವರು ಗಾಜಿನ ಕೊಳವೆಯ ಒಳಮೈಗೆ ಫಿಲ್ಮು ಸುತ್ತಿ, ನಡುವೆ ವಸ್ತುವನ್ನಿಟ್ಟು, ಮೇಲಿನಿಂದ ಲೇಸರ್ ಬೆಳಕನ್ನು ಹರಡಿ ಬಿಟ್ಟರು. ಸ್ವಲ್ಪ ಬೆಳಕು ನೇರ ಫಿಲ್ಮಿಗೆ, ಸ್ವಲ್ಪ ವಸ್ತುವಿಗೆ ತಾಗಿ ಫಿಲ್ಮಿಗೆ. ಎರಡೂ ಸೇರಿ ಸುತ್ತಲೂ ನೇಯ್ಗೆ. ಆಮೇಲೆ ವಸ್ತುವನ್ನು ತೆಗೆದು ಅದೇ ಬೆಳಕು ಬಿಟ್ಟರೆ, ಖಾಲಿ ಕೊಳವೆಯೊಳಗೆ ವಸ್ತು ಕೂತಿದೆ! ಸುತ್ತ ಬನ್ನಿ, ಬೆನ್ನೂ ಕಾಣುತ್ತದೆ. ಇಷ್ಟು ಸುಲಭದ ಏರ್ಪಾಡು. ಶಾಲೆಯ ಮೇಷ್ಟ್ರುಗಳಿಗೆ ಇದನ್ನೆಲ್ಲ ಕಲಿಸಲು ಅವರು ಬೇಸಗೆ ಶಿಬಿರವನ್ನೂ ನಡೆಸುತ್ತಿದ್ದರು.

ಮನುಷ್ಯರ ಮಾತು ಬೇರೆ. ಲೇಸರಿನ ಎದುರು ಮನುಷ್ಯ ಅಷ್ಟು ಅಲುಗದೆ ಕೂರಲಾರ. 1970ರ ದಶಕದಲ್ಲಿ ಲಾಯ್ಡ್ ಕ್ರಾಸ್ ಎಂಬವರು ಅದಕ್ಕೆ ದಾರಿ ಹುಡುಕಿದರು. ವ್ಯಕ್ತಿಯನ್ನು ತಿರುಗುವ ಪೀಠದಲ್ಲಿ ನಿಲ್ಲಿಸಿ, ಸಾಧಾರಣ ಸಿನೆಮಾ ಕ್ಯಾಮರಾದಲ್ಲಿ ಎಲ್ಲ ಕಡೆಯಿಂದ ಚಿತ್ರ ತೆಗೆದು, ಒಂದೊಂದು ಚೌಕಟ್ಟನ್ನೂ ತೆಳ್ಳಗಿನ ಪಟ್ಟಿಯಾಗಿ ಹೊಲೊಗ್ರಾಮ್ ಫಿಲ್ಮಿಗೆ ಇಳಿಸಿ, ಅದನ್ನು ಕೊಳವೆಯಾಗಿ ಸುತ್ತುವುದು. ಇದನ್ನು ಓದುವಾಗ ನನಗೆ ಮೊದಲ ಸಲ ಸಂಶಯ ಬಂತು. ಎಲ್ಲರೂ ಮೊದಲು ಮಾಡಿದ ಕೆಲಸ ಒಂದೇ: ಎಲ್ಲ ಕಡೆಯಿಂದ ತೆಗೆದುಕೊಳ್ಳುವುದು. ನಮ್ಮ ಮಾಷ್ಟ್ರನ್ನು ಯಾರು ಎಲ್ಲ ಕಡೆಯಿಂದ ತೆಗೆದಿಟ್ಟಿದ್ದಾರೆ?

ಹೊಲೊಗ್ರಾಮ್ ನಮ್ಮೂರಿಗೆ ಬಂದದ್ದು ತೀರ ಸಣ್ಣ ರೂಪದಲ್ಲಿ. 1968ರಲ್ಲಿ ಸ್ಟೀಫನ್ ಬೆಂಟನ್ ಎಂಬವರು ಕಾಮನಬಿಲ್ಲಿನ ಬಣ್ಣದ ಹೊಲೊಗ್ರಾಮ್ ಕಂಡುಹಿಡಿದರು. ಮೇಲೆ ಕೆಳಗೆ ಇಣುಕುವ ಸೌಕರ್ಯವನ್ನು ಬಿಟ್ಟುಕೊಟ್ಟು, ಎಡ ಬಲ ಮಾತ್ರ ಉಳಿಸಿಕೊಂಡದ್ದು. ಹಾಗಾಗಿ ತೆಳ್ಳಗಿನ ತಗಡಿನ ಮೇಲೆ ಅಚ್ಚೊತ್ತಲು ಸಾಧ್ಯವಾಯಿತು. 1983ರಿಂದ ಕ್ರೆಡಿಟ್ ಕಾರ್ಡುಗಳ ಮೇಲೆ ಬಂತು. 1984ರ ಮಾರ್ಚ್ ತಿಂಗಳ ನ್ಯಾಷನಲ್ ಜಿಯೋಗ್ರಫಿಕ್ ಪತ್ರಿಕೆಯ ಮುಖಪುಟದಲ್ಲಿ ಹೊಲೊಗ್ರಾಮಿನ ಹದ್ದು ಕೂತಿತು. ನಮ್ಮ ಹಳ್ಳಿಗಳಿಗೆ ಅದು ತಲುಪಿದ್ದು ಮತದಾರರ ಗುರುತುಚೀಟಿಯೊಂದಿಗೆ. 1993ರಲ್ಲಿ ಆರಂಭವಾದ ಆ ಲ್ಯಾಮಿನೇಶನ್ ಮಾಡಿದ ಚೀಟಿಯ ಮೇಲಿನ ಮಿರುಗುವ ತುಣುಕನ್ನು ನೀವೆಲ್ಲ ನೋಡಿದ್ದೀರಿ. ನನ್ನ ತಾಯಿ ಅದನ್ನು ಕಿಟಕಿಯ ಬಿಸಿಲಿಗೆ ಓರೆ ಮಾಡಿ ನೋಡುತ್ತಾ, "ನನ್ನ ಮುಖಕ್ಕಿಂತ ಇದೇ ಚಂದ ಬಂದಿದೆ" ಎನ್ನುತ್ತಿದ್ದರು. ಚೀಟಿಯ ಫೋಟೊ ನೋಡಿದವರು ಅಲ್ಲ ಎನ್ನಲಾರರು.

ಇನ್ನು ಸಮಿತಿಯವರು ಟಿವಿಯಲ್ಲಿ ಕಂಡ 'ಹೊಲೊಗ್ರಾಮ್'. 2012ರ ಗುಜರಾತ್ ಚುನಾವಣೆಯಲ್ಲಿ ನರೇಂದ್ರ ಮೋದಿಯವರು ಒಂದೇ ಹೊತ್ತಿಗೆ ಹಲವು ಊರುಗಳ ವೇದಿಕೆಯಲ್ಲಿ ನಿಂತು ಮಾತಾಡಿದ್ದನ್ನು, 2014ರಲ್ಲಿ ದೇಶಾದ್ಯಂತ ಹಾಗೆ ಮಾಡಿದ್ದನ್ನು ಎಲ್ಲರೂ ನೋಡಿದ್ದಾರೆ. ಅದರ ಹಿಂದಿನ ಉಪಾಯ ಗೇಬರರದ್ದಲ್ಲ. 1862ರಲ್ಲಿ ಲಂಡನ್ನಿನ ಜಾನ್ ಪೆಪ್ಪರ್ ನಾಟಕದಲ್ಲಿ ಭೂತ ತೋರಿಸಲು ಬಳಸಿದ್ದು: ವೇದಿಕೆಗೆ ಅಡ್ಡಲಾಗಿ ಓರೆಯಾಗಿ ನಿಲ್ಲಿಸಿದ ಗಾಜು, ಕಾಣದ ಕಡೆ ನಿಂತವನ ಪ್ರತಿಬಿಂಬ. ರಾತ್ರಿ ಬಸ್ಸಿನ ಕಿಟಕಿಯಲ್ಲಿ ನಮ್ಮದೇ ಮುಖ ಹೊರಗಿನ ಕಾಡಿನ ಮೇಲೆ ತೇಲುತ್ತದಲ್ಲ, ಅದೇ. ಈಗ ಗಾಜಿನ ಬದಲು ತೆಳು ಹಾಳೆ. ಎದುರು ಕೂತವರಿಗೆ ಅದ್ಭುತ. ನನ್ನ ಅಜ್ಜನ ಹಾಗೆ ಬದಿಗೆ ಚಾಪೆ ಹಾಕಿದವರಿಗೆ ಮಾತ್ರ ಏನೂ ಇಲ್ಲ. ಜಾತ್ರೆಯ ಅಂಗಡಿಗಳಲ್ಲಿ ಗಾಳಿಯಲ್ಲಿ ತಿರುಗುವ ಹೂವು, ಮೊಬೈಲು ತೋರಿಸುವ ಫ್ಯಾನು ಬಂದಿದೆ. ಅದೂ ಎದುರಿಗೆ ಮಾತ್ರ. ರೆಕ್ಕೆಗೆ ಎಲ್‌ಇಡಿ ದೀಪ ಅಂಟಿಸಿದ್ದು. ಮಾಷ್ಟ್ರ ಸೂಟೆ, ಅಷ್ಟೇ.

ದೆಹಲಿಯ ಕಥೆ ಇನ್ನೂ ಸ್ವಾರಸ್ಯ. 2022ರ ಜನವರಿ 23ರಂದು ಇಂಡಿಯಾ ಗೇಟ್ ಬಳಿಯ ಖಾಲಿ ಮಂಟಪದಲ್ಲಿ ನೇತಾಜಿಯವರ 28 ಅಡಿ ಎತ್ತರದ ಹೊಲೊಗ್ರಾಮ್ ಪ್ರತಿಮೆ ಬೆಳಗಿತು. ಅದು ಪಾರದರ್ಶಕ ಪರದೆಯ ಮೇಲೆ ಪ್ರೊಜೆಕ್ಟರ್ ಬಿಟ್ಟ ಚಿತ್ರ. ಕಲ್ಲಿನ ಪ್ರತಿಮೆ ಸಿದ್ಧವಾಗುವವರೆಗೆ ಮಾತ್ರ ಎಂದು ಮೊದಲೇ ಹೇಳಿದ್ದರು. ಅದೇ ವರ್ಷ ಸೆಪ್ಟೆಂಬರ್ 8ಕ್ಕೆ ಅಲ್ಲಿ 28 ಅಡಿಯ ಗ್ರಾನೈಟ್ ಪ್ರತಿಮೆ ನಿಂತಿತು. ಕೆತ್ತಿದ ತಂಡದ ಮುಖ್ಯಸ್ಥರು ನಮ್ಮ ಮೈಸೂರಿನ ಅರುಣ್ ಯೋಗಿರಾಜ್. ಬೆಳಕು ಎಂಟು ತಿಂಗಳೊಳಗೆ ಕಲ್ಲಿಗೆ ಜಾಗ ಬಿಟ್ಟುಕೊಟ್ಟಿತು. ಈಗ ಹಗಲಲ್ಲೂ ಕಾಣುತ್ತದೆ, ಹಿಂದಿನಿಂದಲೂ ಕಾಣುತ್ತದೆ.

ಹಾಗಾದರೆ ಚಲಿಸುವ ಚಿತ್ರವನ್ನು ನಿಜವಾಗಿ ಸುತ್ತಲೂ ತೋರಿಸುವ ಯಂತ್ರವೇ ಇಲ್ಲವೇ? ಉಂಟು. 2007ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಂಡ್ರ್ಯೂ ಜೋನ್ಸ್, ಪಾಲ್ ಡೆಬೆವೆಕ್ ಮತ್ತು ಜೊತೆಗಾರರು ಒಂದು ಕನ್ನಡಿಯನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಸೆಕೆಂಡಿಗೆ ಹದಿನೈದು ಇಪ್ಪತ್ತು ಸುತ್ತು ತಿರುಗಿಸಿದರು. ಮೇಲಿನಿಂದ ಪ್ರೊಜೆಕ್ಟರು ಸೆಕೆಂಡಿಗೆ ಸಾವಿರಾರು ಚಿತ್ರ ಬಿಡುತ್ತದೆ. ಕನ್ನಡಿ ಯಾವ ದಿಕ್ಕಿಗೆ ಮುಖ ಮಾಡಿದೆಯೋ ಆ ದಿಕ್ಕಿನವನಿಗೆ ಬೇಕಾದ ಚಿತ್ರ ಆ ಗಳಿಗೆಯಲ್ಲಿ ಹೋಗುತ್ತದೆ. ಎದುರಿನವನಿಗೆ ಮುಖ, ಹಿಂದಿನವನಿಗೆ ಬೆನ್ನು, ಕನ್ನಡಕ ಬೇಡ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದು ಓರೆ ಕನ್ನಡಿಯ ಸುತ್ತ ಮತ್ತೆ ರಂಗಸ್ಥಳ ಬಂದಿದೆ, ಮೂರು ಬದಿ ಅಲ್ಲ, ನಾಲ್ಕೂ ಬದಿ. ಆದರೆ ಚಿತ್ರದ ಗಾತ್ರ ಮನುಷ್ಯನಷ್ಟಲ್ಲ, ಮೇಜಿನ ಮೇಲಿಡುವಷ್ಟು. ಮೈದಾನದ ನಡುವೆ ಮನುಷ್ಯನ ಎತ್ತರದ ಕನ್ನಡಿಯನ್ನು ಆ ವೇಗದಲ್ಲಿ ತಿರುಗಿಸಲು ಹೊರಟರೆ ಮಾಷ್ಟ್ರನ್ನು ನೋಡಲು ಬಂದವರು ಆಸ್ಪತ್ರೆ ನೋಡಬೇಕಾಗುತ್ತದೆ.

ಮೂರನೆಯ ಸಭೆಗೆ ಒಂದು ಕಂಪೆನಿಯ ಹುಡುಗ ಲ್ಯಾಪ್‌ಟಾಪ್ ಹಿಡಿದು ಬಂದ. ಒಳ್ಳೆಯ ಹುಡುಗ, ಸುಳ್ಳು ಹೇಳಲಿಲ್ಲ. ಹಾಳೆಯ ಪರದೆ, ಎದುರಿನಿಂದ ಮಾತ್ರ ಎಂದು ತಾನೇ ಹೇಳಿದ. ಮಾಷ್ಟ್ರ ಫೋಟೊ ಕೇಳಿದ. ನಮ್ಮಲ್ಲಿದ್ದದ್ದು ಒಂದೇ: ಎಸ್ಸೆಸೆಲ್ಸಿ ಮಕ್ಕಳ ಜೊತೆ ತೆಗೆದ ಗುಂಪು ಫೋಟೊ. ಹಿಂದಿನ ಸಾಲಿನಲ್ಲಿ ಕಡಲೆಕಾಳಿನಷ್ಟು ಮುಖ, ಅದೂ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದು. "ಸಾಕು ಸರ್, ಉಳಿದದ್ದನ್ನು ಎಐ ಮಾಡ್ತದೆ. ಬದಿ, ಹಿಂಬದಿ, ನಡಿಗೆ, ಬೇಕಾದರೆ ಮಾತೂ" ಎಂದ. ತೋರಿಸಿಯೂ ಬಿಟ್ಟ. ಪರದೆಯ ಮೇಲೆ ಒಬ್ಬರು ಕತ್ತು ತಿರುಗಿಸಿ ನಕ್ಕರು. ಚೆನ್ನಾಗಿತ್ತು. ಕೆಲವರ ಕಣ್ಣು ಒದ್ದೆಯಾಯಿತು.

ಆ ಸಭೆಗೆ ಮಾಷ್ಟ್ರ ಹೆಂಡತಿಯನ್ನೂ ಕರೆದಿದ್ದೆವು. ಎಂಬತ್ತು ದಾಟಿದೆ, ಕಣ್ಣು ಚುರುಕು. ಅವರು ಬಹಳ ಹೊತ್ತು ನೋಡಿ ನನ್ನನ್ನು ಕೇಳಿದರು: "ಅವರ ಎಡ ಕಿವಿಯ ಹಿಂದೆ ಒಂದು ಮಚ್ಚೆ ಉಂಟು. ಅದು ಬರ್ತದಾ ಮಗಾ?"

"ಇಲ್ಲ ಅಮ್ಮ" ಎಂದೆ. "ನೀವು ಹೇಳಿದರೆ ಹಾಕ್ತಾರೆ" ಎಂದ ಹುಡುಗ ಮೆಲ್ಲಗೆ. "ಹೇಳಿ ಹಾಕಿಸುವುದಾದರೆ ಅವರ ಮಚ್ಚೆ ಆಗುವುದು ಹೇಗೆ?" ಎಂದರು ಅಮ್ಮ. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದು.

ಅಲ್ಲಿಗೆ ಚರ್ಚೆ ಶುರುವಾಯಿತು, ರಾತ್ರಿ ಎಂಟಾದರೂ ಮುಗಿಯಲಿಲ್ಲ. ಊಹೆಯಾದರೇನು, ಮಕ್ಕಳಿಗೆ ಒಂದು ಕಲ್ಪನೆ ಬರುತ್ತದಲ್ಲ ಎಂದವರಿದ್ದರು. ಅವರ ಮಾತಿನಲ್ಲಿಯೂ ತಥ್ಯ ಇಲ್ಲದಿಲ್ಲ. ದೇವರ ಚಿತ್ರವನ್ನು ಬರೆದವರೂ ಕಂಡು ಬರೆದದ್ದಲ್ಲ. ನನ್ನ ಅಭಿಪ್ರಾಯ ಬೇರೆ. ಆ ಪರದೆಯಲ್ಲಿ ಕಂಡವರ ಬೆನ್ನು ನಮ್ಮ ಮಾಷ್ಟ್ರದ್ದಲ್ಲ, ಲೋಕದ ಸಾವಿರಾರು ಜನರ ಬೆನ್ನಿನ ಸರಾಸರಿ. ಮಾಷ್ಟ್ರನ್ನು ನೋಡಿಯೇ ಇಲ್ಲದ ಈಗಿನ ಮಕ್ಕಳು ಅದನ್ನೇ ನಿಜವೆಂದು ತಿಳಿಯುತ್ತಾರೆ. ನೋಡಿದ ನಾವೂ ಇನ್ನು ಐದು ವರ್ಷದಲ್ಲಿ ಅದನ್ನೇ ನೆನಪು ಎಂದುಕೊಳ್ಳುತ್ತೇವೆ. ನನಗೆ ಹೆದರಿಕೆ ಆದದ್ದು ಎರಡನೆಯದಕ್ಕೆ. ಮತಕ್ಕೆ ಹಾಕದೆ, ಸದ್ಯಕ್ಕೆ ಬೇಡ ಎಂದು ಬರೆದುಕೊಂಡೆವು. ಪ್ರಸ್ತಾಪ ತಂದವರಿಗೆ ಬೇಸರವಾಯಿತು, ಈಗಲೂ ಉಂಟು.

ಆದರೆ ನನ್ನ ತಲೆಯೊಳಗೆ ಜಿಯಾಂಗರ ಕೊಳವೆ ಕೂತುಬಿಟ್ಟಿತ್ತು. ಮನುಷ್ಯ ಇಲ್ಲ, ಸರಿ. ಅವರ ವಸ್ತು ಇದ್ದರೆ? ಅಮ್ಮನ ಹತ್ತಿರ ಕೇಳಿದೆ. ಅವರು ಒಳಗೆ ಹೋಗಿ ಮಾಷ್ಟ್ರ ಹಿತ್ತಾಳೆಯ ನಶ್ಯದ ಡಬ್ಬಿ ತಂದುಕೊಟ್ಟರು. ಹಳಬರಿಗೆ ನೆನಪಿರಬಹುದು, ಬೋರ್ಡಿನ ಮೇಲೆ ಸೂತ್ರ ಬರೆದು ಮುಗಿಸಿದ ಮೇಲೆ ಕಿಟಕಿಯ ಕಡೆ ತಿರುಗಿ ಒಂದು ಚಿಟಿಕೆ ಏರಿಸುತ್ತಿದ್ದರು. ಹೆಬ್ಬೆರಳಿನಷ್ಟು ಡಬ್ಬಿ, ಹಿಂಬದಿಯಲ್ಲಿ ಒಂದು ತಗ್ಗು. ಕೊಳವೆಯೊಳಗೆ ನಿಲ್ಲಲು ಹೇಳಿ ಮಾಡಿಸಿದ ಗಾತ್ರ.

ಒಂಬತ್ತನೇ ತರಗತಿಯ ಆರು ಮಕ್ಕಳು, ಈಗಿನ ವಿಜ್ಞಾನ ಟೀಚರ್, ನಾನು ಕೂಡಿದೆವು. ಸಣ್ಣ ಕೆಂಪು ಲೇಸರ್, ತೊಳೆಯುವ ರಾಸಾಯನಿಕ ಬೇಡದ ಫಿಲ್ಮಿನ ಹಾಳೆ ತರಿಸಿದೆವು. ಕಷ್ಟವೆಲ್ಲ ಅಲುಗದಿರುವುದರಲ್ಲಿ. ಬೆಳಕು ಬೀಳುವಷ್ಟು ಹೊತ್ತು ಡಬ್ಬಿಯಾಗಲಿ ಫಿಲ್ಮಾಗಲಿ ಒಂದು ಮಿಲಿಮೀಟರಿನ ಆರು ಸಾವಿರದಲ್ಲಿ ಒಂದು ಪಾಲಿನಷ್ಟು ಅಲುಗಿದರೂ ನೇಯ್ಗೆ ಅಳಿಸಿಹೋಗುತ್ತದೆ. ಕೂದಲೆಳೆಯ ದಪ್ಪದ ನೂರರಲ್ಲಿ ಒಂದು ಪಾಲೂ ಅಲ್ಲ ಅದು. ಬೈಕಿನ ಟ್ಯೂಬಿಗೆ ಅರೆಬರೆ ಗಾಳಿ ಹಾಕಿ, ಅದರ ಮೇಲೆ ಕಡಪ ಕಲ್ಲಿನ ಚಪ್ಪಡಿ ಇಟ್ಟು, ಕಲ್ಲಿನ ಮೇಲೆ ಎಲ್ಲವನ್ನೂ ಜೋಡಿಸಿದೆವು. ಮೊದಲ ಸಲ ಆಗಸ್ಟಿನಲ್ಲಿ. ಫ್ಯಾನ್ ನಿಲ್ಲಿಸಿ, ಬಾಗಿಲು ಹಾಕಿ, ಉಸಿರು ಬಿಗಿಹಿಡಿದು ಕೂತಾಗ ಪ್ರಯೋಗಶಾಲೆಯ ಶೀಟಿನ ಮಾಡಿನ ಮೇಲೆ ಮಳೆ ಬಡಿಯಿತು. ಫಿಲ್ಮು ಖಾಲಿ. ಎರಡನೆಯ ಸಲ ಡಬ್ಬಿಯನ್ನು ಸರಿಯಾಗಿ ಅಂಟಿಸಿರಲಿಲ್ಲ. ಕೊಳವೆಯೊಳಗೆ ಡಬ್ಬಿಯ ಆಕಾರದ ಕಪ್ಪು ಕಾಣಿಸಿತು, ಡಬ್ಬಿ ಕಾಣಿಸಲಿಲ್ಲ. ಅಲುಗಿದ ವಸ್ತು ಹೊಲೊಗ್ರಾಮಿನಲ್ಲಿ ಹೀಗೆಯೇ, ಇಲ್ಲದ ಜಾಗವಾಗಿ ಕಾಣುತ್ತದೆಂದು ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ಕಂಡಾಗ ಮಕ್ಕಳಿಗಿಂತ ನನಗೇ ಹೆಚ್ಚು ಖುಷಿಯಾಯಿತು, ಟೀಚರ್ ನನ್ನನ್ನು ವಿಚಿತ್ರವಾಗಿ ನೋಡಿದರು.

ಮೂರನೆಯದು ನವೆಂಬರಿನ ಒಂದು ರಾತ್ರಿ, ಲಾರಿಗಳು ಕಡಿಮೆಯಾದ ಮೇಲೆ. ಮುಗಿದಾಗ ಡಬ್ಬಿಯನ್ನು ತೆಗೆದು ಮೇಜಿನ ಮೂಲೆಗಿಟ್ಟು, ಲೇಸರನ್ನು ಮತ್ತೆ ಬಿಟ್ಟೆವು. ಕೊಳವೆಯ ನಡುವೆ ಕೆಂಪು ಬೆಳಕಿನ ಡಬ್ಬಿ ನಿಂತಿತ್ತು. ಮಕ್ಕಳು ಸುತ್ತ ಬಂದರು, ಇನ್ನೊಮ್ಮೆ ಬಂದರು. ಒಬ್ಬ ಮೇಜಿನ ಮೂಲೆಯ ಡಬ್ಬಿಯನ್ನು ಮುಟ್ಟಿ ನೋಡಿ, ಮತ್ತೆ ಕೊಳವೆಯೊಳಗೆ ಇಣುಕಿದ. ಹಿಂಬದಿಯ ತಗ್ಗು ಹಿಂಬದಿಯಲ್ಲೇ ಇತ್ತು. ಯಾರೂ ಹೇಳಿ ಹಾಕಿಸಿದ್ದಲ್ಲ.

ಮರುವಾರ ಅಮ್ಮನನ್ನು ಕಾರಿನಲ್ಲಿ ಕರೆತಂದೆವು. ಮಕ್ಕಳ ಕೈ ಹಿಡಿದು ಮೇಜಿನ ಸುತ್ತ ಮೆಲ್ಲಗೆ ಬಂದರು. ತಗ್ಗಿನ ಎದುರು ನಿಂತರು. ಡಬ್ಬಿ ಎಲ್ಲಿಯಾದರೂ ಕೈಜಾರಿ ಬಿದ್ದಿರಬೇಕೆಂದು ನಾನು ಹೇಳಹೊರಟೆ.

"ಬಿದ್ದದ್ದಲ್ಲ ಮಗಾ" ಎಂದರು ಅಮ್ಮ ನಗುತ್ತಾ. "ಬಿಡಿ ಬಿಡಿ ಅಂತ ಎಷ್ಟು ಹೇಳಿದರೂ ಕೇಳ್ಲಿಲ್ಲ. ನಾನು ಒಂದು ದಿನ ಅಂಗಳಕ್ಕೆ ಎಸೆದದ್ದು."

ಸುವರ್ಣ ಮಹೋತ್ಸವದ ಮೂರೂ ದಿನ ಕೊಳವೆ ವಿಜ್ಞಾನದ ಕೋಣೆಯಲ್ಲಿರುತ್ತದೆ. ಕಿಟಕಿಗೆ ಪರದೆ ಹಾಕಿರುವುದರಿಂದ ಇಬ್ಬಿಬ್ಬರಾಗಿ ಬರಬೇಕು, ಲೇಸರನ್ನು ನೇರ ನೋಡಬಾರದು. ನಿಜವಾದ ಡಬ್ಬಿಯನ್ನು ಅಮ್ಮ ಮನೆಗೆ ಕೊಂಡುಹೋಗಿದ್ದಾರೆ.